ಪಾಪು ಸ್ಪೂನ್ ಎಸೆದ್ರೆ ಬೈಬೇಡಿ, ಬಟ್ಟೆ ಅಡಿ ಬಚ್ಚಿಟ್ಟು ನೋಡಿ

ನಮ್ಮ ಪಾಪುಗೆ ಈಗ 9 ತಿಂಗ್ಳು. ರಾಗಿ ಸರಿ ತಿನ್ಸೋಕೆ ಕೂತ್ರೆ ಸ್ಪೂನ್ ಕಿತ್ಕೊಂಡು ಎಸೀತಾಳೆ, ಠಣ್ ಅಂದ ತಕ್ಷಣ ಬಗ್ಗಿ ಎಲ್ಲಿ ಬಿತ್ತು ಅಂತ ಹುಡುಕ್ತಾಳೆ, ಎತ್ಕೊಟ್ರೆ ಮತ್ತೆ ಠಣ್. ಹಠ ಅಂತ ಬೈತಿದ್ದೆ, ಈಗ ಬೈಯಲ್ಲ. ಯಾಕಂದ್ರೆ 4 ತಿಂಗ್ಳಲ್ಲಿ ಗಿಲಕಿ ಕೈಯಿಂದ ಜಾರಿದ್ರೆ ತಿರುಗಿ ಕೂಡ ನೋಡ್ತಿರ್ಲಿಲ್ಲ, ಮರೆ ಆಯ್ತಾ ಕಥೆ ಮುಗೀತು. ಕಾಣ್ದಿದ್ರೂ ಸಾಮಾನು ಎಲ್ಲೋ ಇದ್ದೇ ಇರತ್ತೆ ಅನ್ನೋದು ಅವಳಿಗೆ ಈಗೀಗ ಹತ್ತುತಿದೆ.

ಇದನ್ನ ಮನೇಲೇ ನೋಡ್ಬೋದು, ದುಡ್ಡು ಕೊಟ್ಟು ಆಟಿಕೆ ತರೋದೇನೂ ಬೇಡ. ಹೊಟ್ಟೆ ತುಂಬಿ ಖುಷಿಯಾಗಿರೋ ಟೈಮ್ ನೋಡ್ಕೊಳ್ಳಿ. ಬಾಯೊಳಗೆ ಹೋಗದಷ್ಟು ದೊಡ್ಡದೊಂದು ಸ್ಟೀಲ್ ಡಬ್ಬಿ ಎಟುಕೋ ಹಾಗಿಟ್ಟು ಮೊದ್ಲು ಟವೆಲಿಂದ ಅರ್ಧ ಮುಚ್ಚಿ, ಎತ್ಕೊಂಡ್ರೆ ಆಮೇಲೆ ಅವಳು ನೋಡ್ತಿರೋ ಹಾಗೇ ಪೂರ್ತಿ ಮುಚ್ಚಿ. 8 ತಿಂಗ್ಳಿಗಿಂತ ಮುಂಚೆ ಎಷ್ಟೋ ಮಕ್ಳು ಕೈ ವಾಪಸ್ ತಗೊಂಡು ಸುಮ್ನಾಗ್ಬಿಡ್ತವೆ, ಗಾಬರಿ ಬೇಡ. ಮಕ್ಳ ಬುದ್ಧಿ ಹೇಗೆ ಬೆಳೆಯತ್ತೆ ಅಂತ ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತನ್ನ ಮೂರು ಮಕ್ಳ ಜೊತೆ ಇಂಥವೇ ಆಟ ಆಡಿ ಬರ್ಕೊಂಡಿದ್ರು. ಆಮೇಲೆ 1985ರಲ್ಲಿ ರೆನೆ ಬಯ್ಯಾರ್ಜಾನ್ ಅನ್ನೋ ಸಂಶೋಧಕಿ ಮತ್ತೆ ಜೊತೆಗಾರರು 5 ತಿಂಗ್ಳ ಮಕ್ಳಿಗೆ, ಮರೇಲಿರೋ ಪೆಟ್ಟಿಗೆ ಒಳಗಿಂದಾನೇ ಹಲಗೆ ತೂರ್ಕೊಂಡು ಹೋದ ಹಾಗೆ ತೋರ್ಸಿದ್ರು, ಮಕ್ಳು ಅದನ್ನೇ ಜಾಸ್ತಿ ಹೊತ್ತು ದಿಟ್ಟಿಸಿದ್ವಂತೆ, ಒಳಗೆ ಪೆಟ್ಟಿಗೆ ಇದೆಯಲ್ಲ, ಹೇಗೆ ತೂರ್ತು ಅಂತ ಆಶ್ಚರ್ಯ ಆದ ಹಾಗೆ. ನಂಗನ್ಸೋದು ಕಣ್ಣಿಗೆ ಮೊದ್ಲೇ ಗೊತ್ತಾಗತ್ತೆ, ಕೈಗೆ ಲೇಟು.

ಮಜಾ ಇರೋದು ಎರಡು ಬಟ್ಟೆ ಆಟದಲ್ಲಿ. ಎಡಗಡೆ ಬಟ್ಟೆ ಅಡಿ ಮೂರ್ನಾಲ್ಕು ಸಲ ಇಟ್ಟು ಅವಳ ಕೈಲೇ ತೆಗೆಸಿ, ಆಮೇಲೆ ಕಣ್ಮುಂದೆನೇ ಬಲಗಡೆ ಇಟ್ಟು ನಾಲ್ಕೈದು ಸೆಕೆಂಡ್ ತಡೀರಿ. ನಮ್ಮವಳು ಸೀದಾ ಎಡಗಡೆದೇ ಎಳೆದ್ಲು. ಖಾಲಿ ನೆಲನ ಒಂದು ಸಲ ತಟ್ಟಿ, ನಾನೇ ಕದ್ದಿದೀನಿ ಅನ್ನೋ ಥರ ನನ್ ಮುಖ ನೋಡಿದ್ಲು. ಕಾಯಿಸ್ದೆ ಬಿಟ್ರೆ ಸರಿಯಾಗಿ ಹುಡುಕೋದು ಜಾಸ್ತಿ. ವರ್ಷ ತುಂಬೋ ಹೊತ್ತಿಗೆ ಈ ತಪ್ಪು ಕಮ್ಮಿ ಆಗತ್ತೆ.

ಇದೇ ಟೈಮಲ್ಲೇ ನೀವು ಸ್ನಾನಕ್ಕೆ ಹೋದ್ರೂ ಬಾಗಿಲ ಹೊರಗೆ ರಂಪ ಶುರು. ಅಮ್ಮ ಎಲ್ಲೋ ಇದಾಳೆ ಅಂತ ಗೊತ್ತು, ಯಾವಾಗ ಬರ್ತಾಳೆ ಅಂತ ಗೊತ್ತಿಲ್ಲ. ಕಣ್ತಪ್ಸಿ ಹೋಗು ಅಂತಾರೆ ನಮ್ಮತ್ತೆ, ನಾನು ಒಪ್ಪಲ್ಲ. ಮುಖ ನೋಡಿ ಬರ್ತೀನಿ ಅಂತ ಹೇಳಿ ಹೋಗಿ, ಒಳಗಿಂದ ಮಾತಾಡ್ತಾ ಇರಿ. ದುಪಟ್ಟಾದಲ್ಲಿ ಮುಖ ಮುಚ್ಕೊಂಡು ‘ಬೌ’ ಅನ್ನೋದೂ ಹೋಗಿ ಬರೋ ಆಟನೇ, ದಿನಾ ಆಡಿ. ಮೊನ್ನೆ ಅವಳೇ ದುಪಟ್ಟಾ ಎಳೆದು ಹಾಕಿದ್ಲು, ನಂಗೆ ಬೌ ಅನ್ನೋಕೂ ಬಿಡ್ಲಿಲ್ಲ.