ಕೋವಿಡ್ ಮತ್ತೆ ಬಂತೇ? ಮೊದಲು ದಿನ ಎಣಿಸಿ, ಆಮೇಲೆ ಕಿಟ್ ತೆಗೆಯಿರಿ

ಒಮ್ಮೆ ಬಂದು ಹೋದ ಕೋವಿಡ್ ಮತ್ತೆ ಬರುತ್ತದೆ. 2020ರ ಆಗಸ್ಟ್‌ನಲ್ಲೇ ಇದು ಖಚಿತವಾಗಿತ್ತು. ಹಾಂಗ್‌ಕಾಂಗ್‌ನ 33 ವರ್ಷದ ಒಬ್ಬರಿಗೆ 142 ದಿನಗಳ ಅಂತರದಲ್ಲಿ ಎರಡನೇ ಸಲ ಪಾಸಿಟಿವ್ ಬಂತು. ಎರಡೂ ಸಲದ ವೈರಸ್‌ನ ಜೀನೋಮ್ (ಪೂರ್ತಿ ವಂಶವಾಹಿ ಬರಹ) ಹೋಲಿಸಿ ನೋಡಿದರೆ ಬೇರೆ ಬೇರೆ. ಎರಡನೇ ಸಲ ಅವರಿಗೆ ಜ್ವರವಿಲ್ಲ, ಕೆಮ್ಮಿಲ್ಲ. ವಿಮಾನ ನಿಲ್ದಾಣದ ತಪಾಸಣೆ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಹಾಗೆಂದು ಎರಡನೇ ಪಾಸಿಟಿವ್ ಎಲ್ಲವೂ ಎರಡನೇ ಸೋಂಕಲ್ಲ. ಅದೇ ವರ್ಷ ದಕ್ಷಿಣ ಕೊರಿಯಾದಲ್ಲಿ ಗುಣವಾದವರಿಗೆ ಮತ್ತೆ ಪಾಸಿಟಿವ್ ಬಂದು ಗಾಬರಿಯಾಗಿತ್ತು. ಅಂಥ 285 ಮಂದಿಯನ್ನೂ ಅವರ 790 ಸಂಪರ್ಕಿತರನ್ನೂ ಪರಿಶೀಲಿಸಿದಾಗ, ಅವರಿಂದ ಯಾರಿಗೂ ಹೊಸದಾಗಿ ಹರಡಿದ ಪುರಾವೆ ಸಿಗಲಿಲ್ಲ. 108 ಮಾದರಿಗಳಲ್ಲಿ ವೈರಸ್ ಬೆಳೆಸಲು ನೋಡಿದರು, ಒಂದರಲ್ಲೂ ಬೆಳೆಯಲಿಲ್ಲ. ಪಿಸಿಆರ್ ಹಿಡಿಯುವುದು ವೈರಸ್‌ನ ಆರ್‌ಎನ್‌ಎ ಚೂರುಗಳನ್ನು. ಸತ್ತ ವೈರಸ್‌ನ ಚೂರಾದರೂ ಅದಕ್ಕೆ ಪಾಸಿಟಿವ್ವೇ.

ದಿನ ಎಣಿಸುವುದು

ಹಿಂದಿನ ಸಲ ಲಕ್ಷಣ ಶುರುವಾದ ದಿನದಿಂದ, ಲಕ್ಷಣವೇ ಇರದಿದ್ದರೆ ಪಾಸಿಟಿವ್ ಬಂದ ದಿನದಿಂದ ಎಣಿಸಿ. 90 ದಿನ ದಾಟಿದ ಮೇಲೆ ಪಾಸಿಟಿವ್ ಬಂದರೆ ಹೊಸ ಸೋಂಕೆಂದೇ ನಡೆದುಕೊಳ್ಳಿ. 90ರ ಒಳಗಿದ್ದು ಲಕ್ಷಣವೂ ಇಲ್ಲವೆಂದರೆ ಪಿಸಿಆರ್ ಮಾಡಿಸಲೇಬೇಡಿ, ಬರುವ ಉತ್ತರ ತಲೆ ಕೆಡಿಸುತ್ತದೆ ಅಷ್ಟೆ. 90ರ ಒಳಗೇ ಹೊಸದಾಗಿ ಗಂಟಲು ನೋವು, ಜ್ವರ ಬಂದರೆ ಮಾತ್ರ ರ‍್ಯಾಪಿಡ್ ಆಂಟಿಜೆನ್ ಕಿಟ್ ತೆಗೆಯಿರಿ. ಒಮಿಕ್ರಾನ್ ಕಾಲದಲ್ಲಿ ಕೆಲವರಿಗೆ 60 ದಿನದೊಳಗೇ ಅದರ ಇನ್ನೊಂದು ಉಪತಳಿ ತಗುಲಿದ್ದು ಡೆನ್ಮಾರ್ಕ್‌ನಲ್ಲಿ ದಾಖಲಾಗಿದೆ, ಹಾಗಾಗಿ 90 ಎಂಬುದು ಲಕ್ಷ್ಮಣರೇಖೆಯಲ್ಲ.

ಕಿಟ್ ಬಳಸುವುದು

ಎಡವುವುದು ಹೆಚ್ಚಾಗಿ ಇಲ್ಲೇ. ಕಿಟ್ ಫ್ರಿಜ್ಜಿನಲ್ಲಿದ್ದರೆ ಕೋಣೆಯ ಉಷ್ಣತೆಗೆ ಬರುವವರೆಗೆ ಬಿಡಿ. ಸಿಂಬಳ ತೆಗೆದು, ಕೈ ತೊಳೆದುಕೊಳ್ಳಿ. ಸ್ವ್ಯಾಬ್ ಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ಒಂದೂವರೆ–ಎರಡು ಸೆಂಟಿಮೀಟರ್ ತೂರಿಸಿ, ಒಳಗೋಡೆಗೆ ಒತ್ತಿ ಐದು ಸುತ್ತು ತಿರುಗಿಸಿ. ಒಂದೊಂದು ಹೊಳ್ಳೆಗೂ ಸುಮಾರು 15 ಸೆಕೆಂಡ್. ಗೋಡೆ ತಾಕದೆ ಗಾಳಿಯಲ್ಲಿ ತಿರುಗಿಸಿದರೆ ಬರುವ ನೆಗೆಟಿವ್‌ಗೆ ಬೆಲೆಯಿಲ್ಲ. ಕಡ್ಡಿಯನ್ನು ದ್ರಾವಣದಲ್ಲಿ ಕಲಕಿ, ಕೊಳವೆಯ ಪಕ್ಕಗಳನ್ನು ಹಿಸುಕಿ ರಸ ಹಿಂಡಿ. ಎಷ್ಟು ಹನಿ ಎಂಬುದು ಕಿಟ್‌ನಿಂದ ಕಿಟ್‌ಗೆ ಬೇರೆ, ಒಳಗಿನ ಚೀಟಿ ಓದಿ.

ಹೆಚ್ಚಿನ ಕಿಟ್‌ಗಳಲ್ಲಿ ಫಲಿತಾಂಶ ನೋಡಬೇಕಾದ್ದು 15ನೇ ನಿಮಿಷಕ್ಕೆ. ಆಗ ‘ಟಿ’ (ಟೆಸ್ಟ್) ಎದುರು ಕೂದಲೆಳೆಯಷ್ಟು ಮಸುಕಾದ ಬಣ್ಣದ ಗೆರೆ ಕಂಡರೂ ಅದು ಪಾಸಿಟಿವ್. ಮರೆತು ಒಂದು ಗಂಟೆ ಬಿಟ್ಟು ನೋಡಿದಾಗ ಕಾಣುವ ಬೂದು ನೆರಳು ಲೆಕ್ಕಕ್ಕಿಲ್ಲ, ಅದು ದ್ರಾವಣ ಒಣಗಿದ ಗುರುತು. ‘ಸಿ’ (ಕಂಟ್ರೋಲ್) ಗೆರೆಯೇ ಮೂಡದಿದ್ದರೆ ಆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ಲಕ್ಷಣವಿದ್ದೂ ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ. ಲಕ್ಷಣ ಶುರುವಾದ ಮೊದಲ ದಿನ ಮೂಗಿನಲ್ಲಿ ವೈರಸ್ ಇನ್ನೂ ಕಡಿಮೆ ಇರಬಹುದು.

ಪಿಸಿಆರ್ ವರದಿ ಕೈಯಲ್ಲಿದ್ದರೆ ಸಿಟಿ ವ್ಯಾಲ್ಯೂ ನೋಡಿ: ವೈರಸ್ ಪತ್ತೆಯಾಗಲು ಯಂತ್ರ ಎಷ್ಟು ಸುತ್ತು ನಕಲು ಮಾಡಬೇಕಾಯಿತು ಎಂಬ ಅಂಕ. ಅದು ಸುಮಾರು 3.3 ಅಂಕ ಇಳಿದರೆ ವೈರಸ್ ಹತ್ತು ಪಟ್ಟು ಹೆಚ್ಚಿದೆಯೆಂದರ್ಥ. 20ಕ್ಕೂ 30ಕ್ಕೂ ನಡುವೆ ಹತ್ತಿರಹತ್ತಿರ ಸಾವಿರ ಪಟ್ಟು ವ್ಯತ್ಯಾಸ. 35ರ ಆಸುಪಾಸಿದ್ದರೆ ಹಳೆಯ ಚೂರುಗಳ ಮೇಲೆ ಅನುಮಾನ ಪಡಬಹುದು. ಒಂದು ಲ್ಯಾಬಿನ ಅಂಕವನ್ನು ಇನ್ನೊಂದರದ್ದಕ್ಕೆ ಹೋಲಿಸಬೇಡಿ.

ಮತ್ತೆ ಬರುವುದೇಕೆ?

ದಡಾರದ ಕಥೆ ಬೇರೆ. 1781ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಲ್ಲಿ ದಡಾರ ಬಂದವರಿಗೆ 65 ವರ್ಷ ಕಳೆದು 1846ರಲ್ಲಿ ಊರಿಗೇ ದಡಾರ ಹಬ್ಬಿದಾಗಲೂ ಅದು ತಗುಲಲಿಲ್ಲ. ದಡಾರದ ವೈರಸ್ ದೇಹದೊಳಗೆಲ್ಲ ಸುತ್ತಿ ಲಕ್ಷಣ ತೋರಿಸಲು ಹತ್ತು ದಿನ ಬೇಕು; ರೋಗವನ್ನು ನೆನಪಿಟ್ಟುಕೊಂಡ ಕೋಶಗಳು ಎಚ್ಚೆತ್ತುಕೊಳ್ಳಲು ಆ ಹೊತ್ತು ಧಾರಾಳ. ಕೊರೊನಾ ಮೂಗಿನ ಬಾಗಿಲಲ್ಲೇ ಎರಡು-ಮೂರು ದಿನದಲ್ಲಿ ಕೆಲಸ ಮುಗಿಸುತ್ತದೆ, ಮೂಗಿನ ಪ್ರತಿಕಾಯಗಳೋ (ವೈರಸ್ ತಡೆಯುವ ಪ್ರೋಟೀನ್‌ಗಳು) ತಿಂಗಳುಗಳಲ್ಲಿ ಇಳಿದಿರುತ್ತವೆ. ಮೇಲೆ, ವೈರಸ್ ವೇಷವನ್ನೂ ಬದಲಿಸುತ್ತದೆ: ಒಮಿಕ್ರಾನ್‌ನ ಸ್ಪೈಕ್ ಪ್ರೋಟೀನ್‌ನಲ್ಲಿ (ಕೋಶಕ್ಕೆ ಅಂಟಿಕೊಳ್ಳುವ ಮುಳ್ಳಿನಲ್ಲಿ) 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಶ್ವಾಸಕೋಶದ ಮಟ್ಟಿಗೆ ಮಾತ್ರ ನೆನಪಿನ ಕೋಶಗಳು ಸಮಯಕ್ಕೆ ಬಂದು ಸೇರುತ್ತವೆ. ಎರಡನೇ ಸಲ ಬಹುತೇಕರಿಗೆ ಕಾಯಿಲೆ ಹಗುರವಾಗುವುದು ಅದರಿಂದಲೇ. ‘ನನಗೆ ಪ್ರತಿಕಾಯ ಇದೆಯೇ’ ಎಂದು ರಕ್ತ ಪರೀಕ್ಷೆ ಮಾಡಿಸುವುದು ದಂಡ. ಆ ಸಂಖ್ಯೆ ಮೂಗಿನ ಸ್ಥಿತಿ ಹೇಳುವುದಿಲ್ಲ.

ಪಾಸಿಟಿವ್ ಬಂದರೆ

ಜ್ವರದ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಿಟ್ಟು, ಉಳಿದ ಲಕ್ಷಣಗಳೂ ಇಳಿಮುಖವಾಗುವವರೆಗೆ ಬೇರೆ ಕೋಣೆಯಲ್ಲಿರಿ. ಆಮೇಲಿನ ಐದು ದಿನ ಮಾಸ್ಕ್. 65 ದಾಟಿದವರು, ಮಧುಮೇಹ, ಹೃದ್ರೋಗ ಇರುವವರು ‘ಹೋದ ಸಲ ಹಗುರವಾಗಿತ್ತು’ ಎಂದು ಕಾಯಬಾರದು. ವೈರಸ್ ಬೆಳೆಯದಂತೆ ತಡೆಯುವ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಮಾತ್ರೆಯನ್ನು ಲಕ್ಷಣ ಶುರುವಾದ ಐದು ದಿನದೊಳಗೆ ಆರಂಭಿಸಬೇಕು. ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳ ಜೊತೆ ಅದು ಹೊಂದುವುದಿಲ್ಲ, ನೀವು ತೆಗೆದುಕೊಳ್ಳುವ ಔಷಧಗಳ ಪಟ್ಟಿಯನ್ನೇ ವೈದ್ಯರಿಗೆ ತೋರಿಸಿ. ಗುಣವಾದಂತೆ ಕಂಡು 2ರಿಂದ 8 ದಿನದಲ್ಲಿ ಲಕ್ಷಣ ಮರಳಿದರೆ ಅದು ಸಾಮಾನ್ಯವಾಗಿ ಅದೇ ಸೋಂಕಿನ ಮರುಕಳಿಕೆ, ಹೊಸದಲ್ಲ. ಆದರೂ ಮತ್ತೆ ಹರಡಬಹುದಾದ್ದರಿಂದ ಮತ್ತೆ ಕೋಣೆ ಸೇರಿ.

15ನೇ ನಿಮಿಷಕ್ಕೆ ಕಿಟ್‌ನ ಫೋಟೊ ತೆಗೆದು ತಾರೀಖಿನ ಸಮೇತ ಇಟ್ಟುಕೊಳ್ಳಿ. ಮುಂದಿನ ಸಲದ 90 ದಿನದ ಎಣಿಕೆಗೆ ಅದು ಬೇಕಾಗುತ್ತದೆ.