ಸಂತೋಷದ ನರ್ಸ್

ಅನುವಾದ ಶುರು ಮಾಡಿದ ಹೊಸತು. ಒಂದು ಇಂಗ್ಲಿಷ್ ಕಥೆಯಲ್ಲಿ ‘ಚಿಯರ್‌ಫುಲ್’ ನರ್ಸ್ ಒಬ್ಬಳು ಬಂದಳು. ನಿಘಂಟು ನೋಡಿ ‘ಸಂತೋಷದ ನರ್ಸ್’ ಅಂತ ಬರೆದೆ. ಮಾರನೇ ದಿನ ಓದಿದರೆ, ವಾರ್ಡಿನಲ್ಲಿ ರೋಗಿ ನರಳುತ್ತಿದ್ದಾನೆ, ಇವಳಿಗೆ ಅದೇ ಸಂತೋಷ ಅನ್ನುವ ಹಾಗಿತ್ತು!

ಹ್ಯಾಪಿ, ಚಿಯರ್‌ಫುಲ್, ಗ್ಲ್ಯಾಡ್, ಜಾಲಿ, ಮೆರಿ ಎಲ್ಲಕ್ಕೂ ಸಂತೋಷ ಅಂತ ಬರೆದುಬಿಟ್ಟರೆ ಕೆಲಸ ಸಲೀಸು. ಆದರೆ ಹ್ಯಾಪಿ ಮನಸ್ಸಿನೊಳಗಿನದು, ಚಿಯರ್‌ಫುಲ್ ಹೊರಗೆ ಕಾಣುವುದು. ‘ಚಿಯರ್’ ಹಳೆಯ ಫ್ರೆಂಚ್‌ನಿಂದ ಬಂದ ಪದ; ಅಲ್ಲಿ ಅದಕ್ಕೆ ಮುಖ ಅಂತಲೇ ಅರ್ಥ. ಮನೆಯಲ್ಲಿ ಏನೇ ತಾಪತ್ರಯ ಇರಲಿ, ರಾತ್ರಿ ಪಾಳಿಯಲ್ಲೂ ಮುಖ ಸಿಂಡರಿಸದೆ ಮಾತಾಡಿಸುತ್ತಾಳಲ್ಲ, ಅವಳು ಚಿಯರ್‌ಫುಲ್. ಕೊನೆಗೆ ‘ನಗುಮೊಗದ ನರ್ಸ್’ ಮಾಡಿದೆ. ಅದೇ ಪದ ಜ್ವರ ಬಿಟ್ಟ ಮಗುವಿಗೆ ಬಂದರೆ ನಗುಮೊಗ ಸಾಲದು. ‘ಮಗು ಈಗ ಗೆಲುವಾಗಿದೆ’ ಅನ್ನಬೇಕು.

ಆಮೇಲಿಂದ ನಿಘಂಟು ತೆಗೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕಾರಣ ಇದೆಯಾ? ಸದ್ದು ಇದೆಯಾ? ಗ್ಲ್ಯಾಡ್‌ಗೆ ಸಾಮಾನ್ಯವಾಗಿ ಒಂದು ಕಾರಣ ಇರುತ್ತದೆ. ‘ನೀವು ಬಂದದ್ದು ಒಳ್ಳೇದಾಯ್ತು’ ಅಂದರೆ ಮುಗಿಯಿತು, ಸಂತೋಷ ಅನ್ನುವ ಪದವೇ ಬೇಡ. ಇಲೇಟೆಡ್‌ಗೆ ಕಾರಣ ದೊಡ್ಡದು. ರ‍್ಯಾಂಕ್ ಬಂದವನು ಹಿಗ್ಗಿ ಹೀರೇಕಾಯಿ ಆಗ್ತಾನಲ್ವಾ, ಹಾಗೆ. ಜಾಲಿಗೆ ಸದ್ದು ಜಾಸ್ತಿ. ಹೊಟ್ಟೆ ಕುಣಿಸಿ ನಗುವ ಸಾಂಟಾ ಕ್ಲಾಸ್ ಜಾಲಿ. ನಮ್ಮ ಹುಡುಗರು ‘ಜಾಲಿಯಾಗಿ ಸುತ್ತಾಡೋಣ’ ಅನ್ನುವ ಜಾಲಿ ಬೇರೆ, ಹಾಗಾಗಿ ಆ ಪದವನ್ನು ಹಾಗೇ ಉಳಿಸಿಕೊಳ್ಳುವ ಹಾಗಿಲ್ಲ.

ಜೋವಿಯಲ್ ಕಂಡರೆ ನನಗೆ ಸುಮ್ನೆ ಒಂದು ಪ್ರೀತಿ. ಅದು ಬಂದದ್ದು ಜೋವ್‌ನಿಂದ, ಅಂದರೆ ರೋಮನ್ನರ ಜುಪಿಟರ್ ದೇವರಿಂದ. ಗುರುಗ್ರಹದ ಪ್ರಭಾವದಲ್ಲಿ ಹುಟ್ಟಿದವರು ನಗುನಗುತ್ತಾ ಇರುತ್ತಾರೆ ಅಂತ ಯೂರೋಪಿನ ಜೋಯಿಸರು ನಂಬಿದ್ದರು. ಗುರುಬಲ ಅಂದರೆ ನಮಗೆ ಮದುವೆಯ ಲೆಕ್ಕ, ಅವರಿಗೆ ನಗುವಿನ ಲೆಕ್ಕ!

ಮೆರಿ ಹತ್ತಿರ ಮಾತ್ರ ಹುಷಾರಾಗಿರಬೇಕು. ‘ಮೆರಿ ಕ್ರಿಸ್‌ಮಸ್’ ಕೇಳಿ ಬೆಳೆದ ಧೈರ್ಯದಲ್ಲಿ ಬ್ರಿಟನ್ನಿನ ಸಂಪಾದಕರೊಬ್ಬರಿಗೆ ಬರೆದುಬಿಟ್ಟೆ: ತಂಗಿಯ ಮದುವೆಯಲ್ಲಿ ನಮ್ಮ ತಾತ ತುಂಬಾ ‘ಮೆರಿ’ ಆಗಿದ್ದರು. ತಾತ ಏನು ಕುಡಿದಿದ್ದರು ಅಂತ ಉತ್ತರ ಬಂತು. ಅವರ ಆಡುಮಾತಿನಲ್ಲಿ ಮೆರಿ ಅಂದರೆ ಸ್ವಲ್ಪ ಏರಿದೆ ಅಂತಲೂ ಅರ್ಥವಂತೆ. ಎರಡು ಲೋಟ ಕಾಫಿ ಅಂತ ಬರೆದು ಕಳಿಸಿದೆ.