ಮಲಗಿದ ಕಂಪನಿಯನ್ನು ಎಬ್ಬಿಸೋದು ಹೇಗೆ?

ನಮ್ಮ ಭಾವ ತೀರ್ಥಹಳ್ಳಿ ಹತ್ತಿರ ಅಡಿಕೆ ಹಾಳೆ ತಟ್ಟೆ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಶುರು ಮಾಡಿದ್ದು 2017ರಲ್ಲಿ. ಡೈರೆಕ್ಟರ್‌ಗಳು ಇಬ್ಬರೇ, ಭಾವ ಮತ್ತು ಅಕ್ಕ. ಕೊರೊನಾ ಬಂದು ಮದುವೆ ಮುಂಜಿ ಎಲ್ಲ ನಿಂತವು, ತಟ್ಟೆ ಕೇಳುವವರೇ ಇಲ್ಲ, 2021ರಲ್ಲಿ ಮೆಷಿನ್‌ಗೆ ಟಾರ್ಪಲ್ ಹೊದಿಸಿಬಿಟ್ಟರು. ವ್ಯಾಪಾರವೇ ಇಲ್ಲ ಅಂದಮೇಲೆ ಲೆಕ್ಕ ಕೊಡೋದೇನು ಅಂತ ಸುಮ್ನೆ ಇದ್ದರು. 2024ರ ಆಗಸ್ಟ್‌ನಲ್ಲಿ ಒಂದು ಒಳ್ಳೆ ಆರ್ಡರ್ ಬಂತು. ಆದರೆ ಖರೀದಿದಾರರು ಕಂಪನಿ ವ್ಯವಹಾರ ಸಚಿವಾಲಯದ (ಎಂಸಿಎ) ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಿ ನೋಡಿ, ಮೊದಲು ಇದನ್ನು ಸರಿ ಮಾಡಿಕೊಳ್ಳಿ ಅಂದರು.

ಆವತ್ತು ಭಾವನ ಜೊತೆ ಕೂತು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿ ಎಷ್ಟೋ ಜನ ಇದ್ದಾರೆ, ಮತ್ತು ಅವರಿಗೆ ದಿನಕ್ಕಿಷ್ಟು ಅಂತ ದುಡ್ಡು ಹೋಗುತ್ತಾ ಇರೋದು ಗೊತ್ತೇ ಇರುವುದಿಲ್ಲ.

ಮೊದಲು ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಎಂಸಿಎ ವೆಬ್‌ಸೈಟ್‌ನಲ್ಲಿ 'ಮಾಸ್ಟರ್ ಡೇಟಾ' ಅಂತ ಇದೆ, ಅಲ್ಲಿ ಕಂಪನಿಯ ಹೆಸರು ಹಾಕಿ. ಸ್ಟೇಟಸ್ ಏನಿದೆ, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು, ಎರಡನ್ನೂ ಬರೆದುಕೊಳ್ಳಿ. ನಾವು ಬಾಯಿಮಾತಿಗೆ 'ಕಂಪನಿ ಮಲಗಿದೆ' ಅಂತೀವಿ, ಆದರೆ ಕಾನೂನಿನಲ್ಲಿ ಮಲಗೋದಕ್ಕೂ ಅರ್ಜಿ ಹಾಕಬೇಕು. ಅರ್ಜಿ ಹಾಕದೆ ಸುಮ್ಮನಿದ್ದರೆ ಅದು ನಿದ್ದೆ ಅಲ್ಲ, ಬಾಕಿ. ನಿಮ್ಮ ಕಂಪನಿ ಇನ್ನೂ ಆಕ್ಟಿವ್ ಇದ್ದು ಫೈಲಿಂಗ್ ಮಾತ್ರ ಬಾಕಿ ಇದೆಯೋ, ಅರ್ಜಿ ಹಾಕಿ 'ಡಾರ್ಮೆಂಟ್', ಅಂದರೆ ಕಾನೂನು ಪ್ರಕಾರವೇ ಮಲಗಿದ ಕಂಪನಿ ಆಗಿದೆಯೋ, ಇಲ್ಲಾ 'ಸ್ಟ್ರೈಕ್ ಆಫ್' ಆಗಿ ಹೆಸರೇ ರಿಜಿಸ್ಟರ್‌ನಿಂದ ಹೋಗಿದೆಯೋ, ಅದರ ಮೇಲೆ ದಾರಿ ಬೇರೆ ಬೇರೆ.

ಹೆಚ್ಚಿನವರದು ಮೊದಲನೇ ಕಥೆ, ಭಾವನದೂ ಅದೇ. ಎರಡು ವರ್ಷದ ಬಾಕಿ ಇತ್ತು, 2021-22 ಮತ್ತು 2022-23. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಸಬೇಕು, ಅದಾದ 30 ದಿನದಲ್ಲಿ ಲೆಕ್ಕಪತ್ರದ ಎಒಸಿ-4, 60 ದಿನದಲ್ಲಿ ವಾರ್ಷಿಕ ರಿಟರ್ನ್ ಹಾಕಬೇಕು. ಸಣ್ಣ ಕಂಪನಿಗಳಿಗೆ ಆ ರಿಟರ್ನ್‌ನ ಫಾರ್ಮ್ ಎಂಜಿಟಿ-7ಎ. ತಡವಾದರೆ ಒಂದೊಂದು ಫಾರ್ಮ್‌ಗೂ ದಿನಕ್ಕೆ 100 ರೂಪಾಯಿ ಲೇಟ್ ಫೀ, ಇದಕ್ಕೆ ಮಿತಿಯೇ ಇಲ್ಲ. ಕ್ಯಾಲ್ಕುಲೇಟರ್ ಹಿಡಿದು ಕೂತೆವು. ಹಳೇ ವರ್ಷದ ಎಒಸಿ-4 ಆಗಲೇ 670 ದಿನ ತಡ, ಅಂದರೆ 67 ಸಾವಿರ. ಅದೇ ವರ್ಷದ ರಿಟರ್ನ್‌ಗೆ 64 ಸಾವಿರ. ಮುಂದಿನ ವರ್ಷದ ಎರಡೂ ಸೇರಿ 58 ಸಾವಿರ. ಒಟ್ಟು 1 ಲಕ್ಷ 89 ಸಾವಿರ, ಒಂದು ತಟ್ಟೆಯನ್ನೂ ಮಾರದ ಎರಡು ವರ್ಷಕ್ಕೆ! ಅಕ್ಕ ಮಾತೇ ಆಡಲಿಲ್ಲ, ಎದ್ದು ಒಳಗೆ ಹೋದಳು.

ಇನ್ನೂ ಒಂದು ವರ್ಷ ಬಿಟ್ಟಿದ್ದರೆ ಪರಿಸ್ಥಿತಿ ಬೇರೆಯೇ ಆಗುತ್ತಿತ್ತು. ಸತತ ಮೂರು ವರ್ಷ ಲೆಕ್ಕಪತ್ರವನ್ನೋ ರಿಟರ್ನನ್ನೋ ಹಾಕದಿದ್ದರೆ ಕಂಪನಿ ಕಾಯ್ದೆಯ 164(2)ನೇ ಸೆಕ್ಷನ್ ಪ್ರಕಾರ ಡೈರೆಕ್ಟರ್‌ಗಳು ಐದು ವರ್ಷ ಅನರ್ಹರಾಗುತ್ತಾರೆ, ಬೇರೆ ಕಂಪನಿಯಲ್ಲೂ ಹೊಸದಾಗಿ ಡೈರೆಕ್ಟರ್ ಆಗುವ ಹಾಗಿಲ್ಲ. 2017ರಲ್ಲಿ ಸರ್ಕಾರ ಎರಡು ಲಕ್ಷಕ್ಕೂ ಜಾಸ್ತಿ ಕಂಪನಿಗಳ ಹೆಸರನ್ನು ರಿಜಿಸ್ಟರ್‌ನಿಂದ ತೆಗೆದುಹಾಕಿದಾಗ ಎಷ್ಟೋ ಜನರಿಗೆ ಈ ನಿಯಮದ ಬಿಸಿ ತಟ್ಟಿತ್ತು. ಹಾಗಾಗಿ ನಿಮ್ಮದು ಎರಡು ವರ್ಷದ ಬಾಕಿ ಆಗಿದ್ದರೆ ದಯವಿಟ್ಟು ಈ ವಾರವೇ ಕೆಲಸ ಶುರು ಮಾಡಿ.

ಈಗ ಕೆಲಸದ ಕ್ರಮ. ಮೊದಲು ಡಿಜಿಟಲ್ ಸಹಿ. ಭಾವನ ಯುಎಸ್‌ಬಿ ಟೋಕನ್ ಶೋಕೇಸ್‌ನಲ್ಲಿ ಹಳೇ ಕೀಲಿಗೊಂಚಲಿನ ಜೊತೆ ಸಿಕ್ಕಿತು, ಅವಧಿ ಮುಗಿದು ವರ್ಷಗಳೇ ಆಗಿದ್ದವು, ಹೊಸದು ಮಾಡಿಸಿದೆವು. ಆಮೇಲೆ ಡಿನ್, ಅಂದರೆ ಡೈರೆಕ್ಟರ್ ಐಡಿ ನಂಬರ್. ಕೆವೈಸಿ ಮಾಡದೆ ಅದು ನಿಷ್ಕ್ರಿಯವಾಗಿದ್ದರೆ ಡಿಐಆರ್-3 ಕೆವೈಸಿ ಹಾಕಿ ತಲಾ 5,000 ರೂಪಾಯಿ ಕಟ್ಟಬೇಕು. ಇವೆರಡು ಆಗದೆ ಮುಂದಿನ ಯಾವ ಫಾರ್ಮ್‌ಗೂ ಸಹಿ ಬೀಳೋದಿಲ್ಲ.

ಮೂರನೆಯದು ಆಡಿಟರ್. ಹಳಬರ ಅವಧಿ ಮುಗಿದಿದ್ದರೆ ಹೊಸಬರನ್ನು ನೇಮಿಸಿ, ಅದನ್ನು ತಿಳಿಸುವ ಎಡಿಟಿ-1 ಫಾರ್ಮ್ ಹಾಕಿ. ಬಾಕಿ ಇರುವ ಒಂದೊಂದು ವರ್ಷದ್ದೂ ಲೆಕ್ಕ ಬರೆಸಿ ಆಡಿಟ್ ಮಾಡಿಸಿ. ವ್ಯವಹಾರ ಸೊನ್ನೆ ಇದ್ದರೂ ಆಡಿಟ್ ಬೇಕೇ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಸೊನ್ನೆ ಅಂದುಕೊಂಡ ವರ್ಷದಲ್ಲೂ ಬ್ಯಾಂಕ್ ಚಾರ್ಜು, ಬಡ್ಡಿ, ಕರೆಂಟ್ ಬಿಲ್ಲು ಸಿಗುತ್ತವೆ. ಒಬ್ಬರು ನಮಗೆ ಹಳೇ ತಾರೀಖು ಹಾಕಿ ಸಹಿ ಮಾಡಿಸೋಣ ಅಂತ ಸಲಹೆ ಕೊಟ್ಟರು. ಖಂಡಿತ ಬೇಡ. ಆಡಿಟರ್ ಸಹಿ ಮಾಡಿದ ಪ್ರತಿ ವರದಿಗೂ ಯುಡಿಐಎನ್ ಅನ್ನೋ ನಂಬರ್ ಪಡೆಯಬೇಕು, ಸಹಿ ಮಾಡಿದ 60 ದಿನದೊಳಗೇ ಪಡೆಯಬೇಕು, ಸುಳ್ಳು ತಾರೀಖು ಅಲ್ಲೇ ಸಿಕ್ಕಿಬೀಳುತ್ತದೆ. ಸಭೆ ತಡವಾಗಿದ್ದರೆ ತಡವಾಗಿದೆ ಅಂತಲೇ ಬರೆಯಿರಿ. ಅದಕ್ಕೆ ಬೇರೆ ದಂಡ ಬೀಳಬಹುದು, ಆದರೂ ನಿಜ ಹೇಳೋದೇ ಒಳ್ಳೇದು.

ಭಾವನ ಕಂಪನಿಗೆ ಇನ್ನೊಂದು ತೊಡಕಿತ್ತು. ಸ್ಟೇಟಸ್ ಜಾಗದಲ್ಲಿ 'ಆಕ್ಟಿವ್ ನಾನ್-ಕಂಪ್ಲಯಂಟ್' ಅಂತ ಇತ್ತು. 2017ರ ಡಿಸೆಂಬರ್ 31ರೊಳಗೆ ನೋಂದಣಿಯಾದ ಕಂಪನಿಗಳು 2019ರಲ್ಲಿ ಐಎನ್‌ಸಿ-22ಎ ಅನ್ನೋ ನೋಂದಾಯಿತ ಕಚೇರಿಯ ವಿವರದ ಫಾರ್ಮ್ ಹಾಕಬೇಕಿತ್ತು, ಇವರು ಬಿಟ್ಟಿದ್ದರು. ಈಗ ಅದಕ್ಕೆ 10,000 ಶುಲ್ಕ. ಜೊತೆಗೆ ಆಫೀಸಿನ ಹೊರಗಿನ ಫೋಟೋ, ಒಳಗೆ ಡೈರೆಕ್ಟರ್ ಇರುವ ಫೋಟೋ ಬೇಕು. ಶೆಡ್ ಮುಂದಿನ ಬೋರ್ಡ್ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕಂಪನಿಯ ಹೆಸರು, ವಿಳಾಸ ಸ್ಥಳೀಯ ಭಾಷೆಯ ಅಕ್ಷರದಲ್ಲೂ ಇರಬೇಕು ಅಂತ ಕಂಪನಿ ಕಾಯ್ದೆಯ 12ನೇ ಸೆಕ್ಷನ್ನೇ ಹೇಳುತ್ತದೆ. ಪೇಂಟರ್ ಕರೆಸಿ ಕನ್ನಡದಲ್ಲಿ ಬರೆಸಿ, ಬಣ್ಣ ಒಣಗಿದ ಮೇಲೆ ಫೋಟೋ ತೆಗೆದೆವು. ಇನ್ನು 2018ರ ನವೆಂಬರ್ 2ರ ನಂತರ ಶುರುವಾದ ಕಂಪನಿ ನಿಮ್ಮದಾದರೆ, ಐಎನ್‌ಸಿ-20ಎ, ಅಂದರೆ ವ್ಯಾಪಾರ ಶುರುವಾಯಿತು ಅನ್ನೋ ಘೋಷಣೆ, ಹಾಕಿದ್ದೀರಾ ಅಂತ ನೋಡಿಕೊಳ್ಳಿ.

ಇಷ್ಟಾದ ಮೇಲೆ ಹಳೇ ವರ್ಷದಿಂದ ಶುರು ಮಾಡಿ ಒಂದೊಂದಾಗಿ ಎಒಸಿ-4, ಎಂಜಿಟಿ-7ಎ ಹಾಕುತ್ತಾ ಬನ್ನಿ. ಹಾಕುವ ಮುಂಚೆ ಲೇಟ್ ಫೀ ರಿಯಾಯಿತಿ ಯೋಜನೆ ಏನಾದರೂ ಚಾಲ್ತಿಯಲ್ಲಿದೆಯಾ ಅಂತ ನೋಡಿ. 2020ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಫ್ರೆಶ್ ಸ್ಟಾರ್ಟ್ ಸ್ಕೀಮ್ ಅಂತ ಒಂದಿತ್ತು, ಆಗ ಹಾಕಿದವರಿಗೆ ಲೇಟ್ ಫೀ ಪೂರ್ತಿ ಮಾಫಿ ಆಯಿತು. ಆದರೆ ಅಂಥದ್ದು ಬರಲಿ ಅಂತ ಕಾಯುತ್ತಾ ಕೂರಬೇಡಿ, ಒಂದೊಂದು ವರ್ಷದ ಬಾಕಿಗೂ ದಿನಕ್ಕೆ 200 ರೂಪಾಯಿ ಏರುತ್ತಲೇ ಇರುತ್ತದೆ.

ಅರ್ಜಿ ಹಾಕಿ ಡಾರ್ಮೆಂಟ್ ಆದವರ ಕೆಲಸ ಸುಲಭ. ಎಂಎಸ್‌ಸಿ-3 ರಿಟರ್ನ್ ಜೊತೆ ಎಂಎಸ್‌ಸಿ-4, ಅಂದರೆ ಮತ್ತೆ ಆಕ್ಟಿವ್ ಮಾಡಿ ಅನ್ನೋ ಅರ್ಜಿ ಹಾಕಿದರೆ, ಕಂಪನಿಗಳ ನೋಂದಣಿ ಅಧಿಕಾರಿಯಾದ ರಿಜಿಸ್ಟ್ರಾರ್ ಎಂಎಸ್‌ಸಿ-5 ಪ್ರಮಾಣಪತ್ರ ಕೊಡುತ್ತಾರೆ. ಆದರೆ ಐದು ವರ್ಷಕ್ಕಿಂತ ಜಾಸ್ತಿ ಹಾಗೇ ಮಲಗಿರೋ ಹಾಗಿಲ್ಲ.

ಹೆಸರೇ ಸ್ಟ್ರೈಕ್ ಆಫ್ ಆಗಿದ್ದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹೋಗಬೇಕು, ಕರ್ನಾಟಕದವರಿಗೆ ಅದರ ಬೆಂಗಳೂರು ಪೀಠ. 252ನೇ ಸೆಕ್ಷನ್‌ನಲ್ಲಿ ಎರಡು ದಾರಿ ಇವೆ. ರಿಜಿಸ್ಟ್ರಾರ್ ಆದೇಶದ ವಿರುದ್ಧ ಮೂರು ವರ್ಷದೊಳಗೆ ಮೇಲ್ಮನವಿ ಒಂದು. ಕಂಪನಿ, ಷೇರುದಾರರು, ಸಾಲ ಕೊಟ್ಟವರು ಅಥವಾ ಕೆಲಸಗಾರರು ಗೆಜೆಟ್ ಪ್ರಕಟಣೆಯಿಂದ 20 ವರ್ಷದೊಳಗೆ ಹಾಕುವ ಅರ್ಜಿ ಇನ್ನೊಂದು. ಹೆಸರು ತೆಗೆದ ಹೊತ್ತಿಗೆ ಕಂಪನಿ ನಡೆಯುತ್ತಿತ್ತು ಅಂತಲೋ, ಮತ್ತೆ ಸೇರಿಸೋದು ನ್ಯಾಯ ಅಂತಲೋ ತೋರಿಸಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕಂಪನಿ ಹೆಸರಿನ ಆಸ್ತಿಪತ್ರ ಇದ್ದರೆ ಕೈ ಗಟ್ಟಿ. ಆದೇಶ ಸಿಕ್ಕ 30 ದಿನದಲ್ಲಿ ಅದರ ದೃಢೀಕೃತ ಪ್ರತಿಯನ್ನು ಐಎನ್‌ಸಿ-28ರಲ್ಲಿ ಹಾಕಿ, ಆಮೇಲೆ ಬಾಕಿ ಫೈಲಿಂಗ್ ಎಲ್ಲ ಮುಗಿಸಬೇಕು. ಸ್ಟ್ರೈಕ್ ಆಫ್ ಮಾಡುವ ಮುಂಚೆ ಎಸ್‌ಟಿಕೆ-1 ನೋಟಿಸ್ ಬರುತ್ತದೆ, ಉತ್ತರ ಕೊಡಲು 30 ದಿನ ಇರುತ್ತದೆ. ನೋಂದಾಯಿತ ವಿಳಾಸಕ್ಕೆ ಬರುವ ಅಂಚೆ, ಹಳೇ ಇಮೇಲ್ ಎರಡನ್ನೂ ಆಗಾಗ ನೋಡುತ್ತಿರಿ.

ಇದರ ಜೊತೆಗೇ ಆದಾಯ ತೆರಿಗೆ, ಜಿಎಸ್‌ಟಿ ನೋಂದಣಿಯ ಸ್ಥಿತಿ ಮತ್ತು ಕರ್ನಾಟಕದಲ್ಲಿ ಕಂಪನಿ ವರ್ಷಕ್ಕೆ ಕಟ್ಟಬೇಕಾದ 2,500 ರೂಪಾಯಿ ವೃತ್ತಿ ತೆರಿಗೆ, ಮೂರನ್ನೂ ಆಡಿಟರ್ ಹತ್ತಿರ ಕೇಳಿ. ಮತ್ತೆ ವ್ಯಾಪಾರ ಮಾಡುವ ಆಸೆಯೇ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿ ಎಬ್ಬಿಸಬೇಡಿ. ವ್ಯಾಪಾರ ನಿಂತ ವರ್ಷದವರೆಗಿನ ಬಾಕಿ ತೀರಿಸಿ, ಎಸ್‌ಟಿಕೆ-2 ಹಾಕಿ 10,000 ಶುಲ್ಕ ಕಟ್ಟಿ ಮುಚ್ಚಿಬಿಡಿ.

ಭಾವ ಮುಚ್ಚಲಿಲ್ಲ. ಅಕ್ಕನ ಒಡವೆ ಸಾಲದಲ್ಲಿ ಲೇಟ್ ಫೀ ಕಟ್ಟಿದರು, ನವೆಂಬರ್‌ನಲ್ಲಿ ಮೆಷಿನ್ ಮೇಲಿನ ಟಾರ್ಪಲ್ ತೆಗೆದರು. ಶೆಡ್ಡಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ಸೆಪ್ಟೆಂಬರ್ 30ಕ್ಕೆ ಅಕ್ಕ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ.